ಕೋಲು ಯಾವ ಕೈಯಲ್ಲಿ? ಬಯೋಮೆಕ್ಯಾನಿಕ್ಸ್ ತರಗತಿಗೆ ಡಿಜಿಟಲ್ ಸಾಧನ ತಂದ ಒಂದು ಪ್ರಕರಣ

ಒಂದು ಫಿಸಿಯೋಥೆರಪಿ ಕಾಲೇಜಿನ ಎರಡನೆಯ ವರ್ಷದ ವಿದ್ಯಾರ್ಥಿಗಳಿಗೆ ಬಯೋಮೆಕ್ಯಾನಿಕ್ಸ್, ಅಂದರೆ ದೇಹದಲ್ಲಿ ಕೆಲಸ ಮಾಡುವ ಬಲಗಳ ಶಾಸ್ತ್ರ, ಕಲಿಸಲು ಡಿಜಿಟಲ್ ಸಾಧನಗಳನ್ನು ತಂದಾಗ ಏನಾಯಿತು ಎಂಬುದನ್ನು ಇಲ್ಲಿ ದಾಖಲಿಸುತ್ತಿದ್ದೇನೆ. ಪಾಠ ಮಾಡುತ್ತಿದ್ದವಳು ನಾನು; ಜೊತೆಗೆ ಭೌತಶಾಸ್ತ್ರ ಓದಿದ ಸಹೋದ್ಯೋಗಿಯೊಬ್ಬರಿದ್ದರು. ಸಂಸ್ಥೆ, ವಿದ್ಯಾರ್ಥಿಗಳು, ರೋಗಿಗಳು ಯಾರೆಂದು ತಿಳಿಯದಂತೆ ವಿವರಗಳನ್ನು ಮಾರ್ಪಡಿಸಿದ್ದೇನೆ. ಇಡೀ ಪಠ್ಯಕ್ರಮದ ಕಥೆ ಹೇಳಲು ಹೋಗುವುದಿಲ್ಲ. ಸೊಂಟದ ಕೀಲು ಮತ್ತು ಊರುಗೋಲು ಎಂಬ ಒಂದೇ ಪಾಠವನ್ನು ಹಿಡಿದು ಹೇಳುತ್ತೇನೆ. ನಮ್ಮ ತಪ್ಪುಗಳೂ ಅವನ್ನು ತಿದ್ದಿಕೊಂಡ ಬಗೆಯೂ ಎಲ್ಲಕ್ಕಿಂತ ಸ್ಪಷ್ಟವಾಗಿ ಕಂಡದ್ದು ಅಲ್ಲೇ.

ಹೊರರೋಗಿ ವಿಭಾಗದಲ್ಲಿ ಎದ್ದ ಪ್ರಶ್ನೆ

ಬಲ ಸೊಂಟದ ಕೀಲು ಸವೆದಿದ್ದ ಹಿರಿಯರೊಬ್ಬರು ಊರುಗೋಲನ್ನು ಬಲಗೈಯಲ್ಲಿ ಹಿಡಿದು ಹೊರರೋಗಿ ವಿಭಾಗಕ್ಕೆ ಬಂದಿದ್ದರು. ಕೋಲಿನ ತುದಿಯ ರಬ್ಬರ್ ಬುಡ ಒಂದೇ ಅಂಚಿನಲ್ಲಿ ಸವೆದು ಓರೆಯಾಗಿತ್ತು. ಅವರನ್ನು ಪರೀಕ್ಷಿಸಿದ ವಿದ್ಯಾರ್ಥಿನಿ, "ಕೋಲನ್ನು ಎಡಗೈಯಲ್ಲಿ ಹಿಡಿಯಿರಿ ಅಜ್ಜ" ಎಂದಳು.

"ನೋವಿರುವುದು ಬಲಗಡೆ. ಕೋಲು ಎಡಗಡೆ ಏಕಮ್ಮಾ?"

ಅವಳು ಒಂದು ಕ್ಷಣ ನನ್ನ ಕಡೆ ನೋಡಿ, ಮತ್ತೆ ಅವರ ಕಡೆ ತಿರುಗಿ, "ಹಾಗೆಯೇ ಹಿಡಿಯಬೇಕು ಅಜ್ಜ" ಎಂದಳು. ಅವರು ವಾದಕ್ಕೆ ನಿಲ್ಲಲಿಲ್ಲ. ಕೋಲನ್ನು ಎಡಗೈಗೆ ಬದಲಿಸಿಕೊಂಡು ಒಂದಷ್ಟು ಹೆಜ್ಜೆ ನಡೆದರು. ಬಾಗಿಲು ದಾಟುವಾಗ ಕೋಲು ಮತ್ತೆ ಬಲಗೈಗೆ ಬಂದಿತ್ತು.

ಆಕೆ ತರಗತಿಯ ಒಳ್ಳೆಯ ವಿದ್ಯಾರ್ಥಿನಿಯರಲ್ಲಿ ಒಬ್ಬಳು. ಮೂರು ಬಗೆಯ ಸನ್ನೆಗಳನ್ನು (ಲಿವರ್) ದೇಹದ ಉದಾಹರಣೆ ಸಮೇತ ಬರೆಯಬಲ್ಲಳು. ಒಂಟಿ ಕಾಲಿನ ಮೇಲೆ ನಿಂತಾಗ ಪೆಲ್ವಿಸ್ (ಸೊಂಟದ ಎಲುಬುಗೂಡು) ಇನ್ನೊಂದು ಬದಿಗೆ ಜಗ್ಗದಂತೆ ಸೊಂಟದ ಪಕ್ಕದ ಗ್ಲೂಟಿಯಸ್ ಮೀಡಿಯಸ್ ಸ್ನಾಯು ಹಿಡಿದಿಡುತ್ತದೆ ಎಂಬುದೂ, ಆ ಸ್ನಾಯು ಸೋತಾಗ ಕಾಣುವ ಲಕ್ಷಣಕ್ಕೆ ಅದನ್ನು 1895ರಲ್ಲಿ ವಿವರಿಸಿದ ಟ್ರೆಂಡೆಲೆನ್‌ಬರ್ಗ್ ಅವರ ಹೆಸರಿದೆ ಎಂಬುದೂ ಅವಳಿಗೆ ಬಾಯಿಪಾಠ. ಇಷ್ಟೆಲ್ಲ ಗೊತ್ತಿದ್ದೂ ರೋಗಿಯ ಒಂದು 'ಏಕೆ'ಗೆ ಅವಳ ಬಳಿ ಉತ್ತರವಿರಲಿಲ್ಲ. ಮರುದಿನ ಇದೇ ಪ್ರಶ್ನೆಯನ್ನು ಇಡೀ ತರಗತಿಗೆ ಕೇಳಿದೆ. 'ನೋವಿಲ್ಲದ ಕಡೆಯ ಕೈಯಲ್ಲಿ' ಎಂದು ಎಲ್ಲರೂ ಸರಿಯಾಗಿಯೇ ಹೇಳಿದರು. ಕಾರಣ ಕೇಳಿದಾಗ ಬಂದ ಉತ್ತರಗಳೆಲ್ಲ 'ಕೋಲು ತೂಕ ಹಂಚಿಕೊಳ್ಳುತ್ತದೆ' ಎಂಬಲ್ಲಿಗೆ ಬಂದು ನಿಂತವು. ತೂಕ ಹಂಚಿಕೊಳ್ಳುವುದಷ್ಟೇ ಕೋಲಿನ ಕೆಲಸವಾಗಿದ್ದರೆ ಯಾವ ಕೈಯಲ್ಲಿ ಹಿಡಿದರೇನು? ಈ ತೊಡಕು ಅವರಲ್ಲಿ ಯಾರನ್ನೂ ಕಾಡಿರಲಿಲ್ಲ.

ಆ ಪಾಠವನ್ನು ನಾನು ಕಪ್ಪುಹಲಗೆಯ ಮೇಲೆ ಎರಡು ತಾಸು ಮಾಡಿದ್ದೆ. ಚಿತ್ರ ಬರೆದಿದ್ದೆ, ಬಾಣಗಳನ್ನು ಎಳೆದಿದ್ದೆ, ಸಮೀಕರಣ ಬಿಡಿಸಿದ್ದೆ. ವಿದ್ಯಾರ್ಥಿಗಳು ಎಲ್ಲವನ್ನೂ ಬರೆದುಕೊಂಡಿದ್ದರು. ಆದರೆ ಹಲಗೆಯ ಮೇಲಿನ ಬಾಣ ಅಲುಗುವುದಿಲ್ಲ. ಕೋಲು ಒಂದು ಗೇಣು ಆಚೆ ಹೋದರೆ ಏನಾಗುತ್ತದೆ, ಮೈ ಸ್ವಲ್ಪ ವಾಲಿದರೆ ಏನಾಗುತ್ತದೆ ಎಂದು ಕೇಳಿಕೊಳ್ಳಲು ಆ ಚಿತ್ರ ಯಾರನ್ನೂ ಪ್ರೇರೇಪಿಸುವುದಿಲ್ಲ. ಅಲುಗಿಸಿ ನೋಡಬಹುದಾದ ಚಿತ್ರವೊಂದು ಬೇಕು ಎಂಬ ಯೋಚನೆಯಿಂದ ನಾವು ಹೊರಟೆವು.

ಮೊದಲ ಎರಡು ಆಯ್ಕೆಗಳು

ಮೊದಲು ತಂದದ್ದು ಮೂರು ಆಯಾಮಗಳ ಅಂಗರಚನಾ ಆ್ಯಪ್. ಸ್ನಾಯುಗಳನ್ನು ಒಂದೊಂದಾಗಿ ಕಳಚಿ, ಕೀಲನ್ನು ಎಲ್ಲ ಕಡೆಯಿಂದಲೂ ತಿರುಗಿಸಿ ನೋಡಬಹುದು. ವಿದ್ಯಾರ್ಥಿಗಳು ಅದನ್ನು ಬಹಳ ಮೆಚ್ಚಿದರು. ಗ್ಲೂಟಿಯಸ್ ಮೀಡಿಯಸ್ ಎಲ್ಲಿ ಹುಟ್ಟಿ ಎಲ್ಲಿ ಅಂಟಿಕೊಳ್ಳುತ್ತದೆ ಎಂಬುದು ಅವರಿಗೆ ಹಿಂದೆಂದಿಗಿಂತ ಸ್ಪಷ್ಟವಾಯಿತು. ಆದರೆ ಆ ಸ್ನಾಯು ಎಷ್ಟು ಬಲದಿಂದ ಎಳೆಯುತ್ತದೆ, ಏಕೆ ಅಷ್ಟು ಎಳೆಯಬೇಕಾಗುತ್ತದೆ ಎಂಬ ಪ್ರಶ್ನೆಗೆ ಆ್ಯಪ್‌ನಲ್ಲಿ ಜಾಗವೇ ಇರಲಿಲ್ಲ. ಅಂಗರಚನೆ ಕಲಿಸುವ ಸಾಧನವನ್ನು ಬಯೋಮೆಕ್ಯಾನಿಕ್ಸ್‌ನ ಸಾಧನವೆಂದು ನಾವು ಭಾವಿಸಿದ್ದೆವು. ತೆರೆಯ ಮೇಲೆ ದೇಹ ಅಲುಗಾಡುತ್ತಿದ್ದರೆ ಬಲಗಳ ಪಾಠ ನಡೆಯುತ್ತಿದೆ ಎಂಬ ಭ್ರಮೆ ಸುಲಭವಾಗಿ ಹುಟ್ಟುತ್ತದೆ.

ನಂತರ ಓಪನ್‌ಸಿಮ್. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಬೆಳೆದು 2007ರಿಂದ ಎಲ್ಲರಿಗೂ ಉಚಿತವಾಗಿ ಸಿಗುತ್ತಿರುವ ಈ ತಂತ್ರಾಂಶ ಎಲುಬು, ಕೀಲು, ಸ್ನಾಯುಗಳ ಮಾದರಿಯನ್ನು ನಡೆಸಿ ಬಲಗಳನ್ನು ಲೆಕ್ಕ ಹಾಕಿಕೊಡುತ್ತದೆ. ಸಂಶೋಧಕರ ಕೈಯಲ್ಲಿ ಅದೊಂದು ದೊಡ್ಡ ಶಕ್ತಿ. ನಮ್ಮ ಎರಡನೆಯ ವರ್ಷದವರ ಕೈಯಲ್ಲಿ ಎರಡು ತರಗತಿಗಳು ಅದನ್ನು ಕಂಪ್ಯೂಟರಿಗೆ ಇಳಿಸುವುದರಲ್ಲಿ, ಮಾದರಿಯ ಕಡತ ಹುಡುಕುವುದರಲ್ಲಿ, ಮೆನುಗಳನ್ನು ತಡಕುವುದರಲ್ಲೇ ಕಳೆದುಹೋದವು. ಕೊನೆಗೆ ಉತ್ತರ ಬಂದಾಗಲೂ ಅದು ಎಲ್ಲಿಂದ ಬಂತೆಂದು ಅವರಿಗೆ ಹೇಳಲಾಗಲಿಲ್ಲ. ಒಂದು ಬಿಂದು, ಒಂದು ದಂಡ, ಮೂರು ಬಾಣ ಅರ್ಥವಾಗದವರಿಗೆ ಹತ್ತಾರು ಸ್ನಾಯುಗಳ ಮಾದರಿ ಕೊಟ್ಟದ್ದು ನಮ್ಮ ತಪ್ಪು ತೀರ್ಮಾನ.

ಹಾಗಾಗಿ ಹಿಂದಕ್ಕೆ ಸರಿದು, ನಮಗೆ ಬೇಕಾದಷ್ಟನ್ನೇ ನಾವೇ ಕಟ್ಟಿಕೊಳ್ಳಲು ನಿಶ್ಚಯಿಸಿದೆವು. ಶಾಲಾ ಗಣಿತಕ್ಕೆ ಬಹಳ ಬಳಕೆಯಲ್ಲಿರುವ ಜಿಯೋಜೀಬ್ರಾ ನೆರವಿಗೆ ಬಂತು. ಅದು ಉಚಿತ, ಮೊಬೈಲಿನ ಬ್ರೌಸರ್‌ನಲ್ಲೇ ತೆರೆದುಕೊಳ್ಳುತ್ತದೆ, ಪ್ರೋಗ್ರಾಮಿಂಗ್ ಗೊತ್ತಿಲ್ಲದವರೂ ಅದರಲ್ಲಿ ಮಾದರಿ ರಚಿಸಬಹುದು. ಸಹೋದ್ಯೋಗಿ ಮತ್ತು ನಾನು ಕೆಲವು ಸಂಜೆ ಕುಳಿತು ಒಂದು ಚಿತ್ರ ಸಿದ್ಧಪಡಿಸಿದೆವು. ಬಲ ಸೊಂಟದ ಕೀಲು ಒಂದು ಚುಕ್ಕಿ, ಪೆಲ್ವಿಸ್ ಅದರ ಮೇಲೆ ಕುಳಿತ ಅಡ್ಡ ದಂಡ. ಚುಕ್ಕಿಯ ಬಲಕ್ಕೆ ಸ್ನಾಯುವಿನ ಎಳೆತ, ಎಡಕ್ಕೆ ದೇಹದ ತೂಕ, ಇನ್ನೂ ಎಡಕ್ಕೆ ಕೋಲಿನ ಮೇಲ್ಮುಖ ಬಲ. ಪ್ರತಿಯೊಂದಕ್ಕೂ ಒಂದು ಸ್ಲೈಡರ್. ಕೆಳಗೆ ಕೀಲಿನ ಮೇಲೆ ಬೀಳುವ ಒಟ್ಟು ಬಲದ ಅಂಕಿ.

ಸ್ಲೈಡರ್ ಇತ್ತು, ಕಲಿಕೆ ಇರಲಿಲ್ಲ

ಮೊದಲ ದಿನ ಮಾದರಿಯನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು, 'ಎಲ್ಲವನ್ನೂ ಬದಲಿಸಿ ನೋಡಿ, ಏನು ಕಾಣುತ್ತದೆಯೋ ಬರೆಯಿರಿ' ಎಂದೆ. ತರಗತಿ ಲವಲವಿಕೆಯಿಂದ ತುಂಬಿತ್ತು. ಬೆರಳುಗಳು ಸ್ಲೈಡರ್‌ಗಳನ್ನು ಅತ್ತಿತ್ತ ಎಳೆಯುತ್ತಿದ್ದವು, ಬಾಣಗಳು ಹಿಗ್ಗಿ ಕುಗ್ಗುತ್ತಿದ್ದವು. ಪಾಠ ಗೆದ್ದಿತು ಎಂದುಕೊಂಡೇ ಬೆಂಚುಗಳ ನಡುವೆ ಓಡಾಡಿದೆ.

ಒಂದು ಗುಂಪಿನ ಬಳಿ ನಿಂತಾಗ ಅವರ ತೆರೆಯ ಮೇಲೆ ಸ್ನಾಯುವಿನ ಬಲ −100 ನ್ಯೂಟನ್ ಎಂದಿತ್ತು. ಕೋಲಿನ ಸ್ಲೈಡರನ್ನು ಅವರು 110 ನ್ಯೂಟನ್‌ವರೆಗೆ ಎಳೆದಿದ್ದರು. ಸ್ನಾಯುವಿನ ಬಾಣ ತಲೆಕೆಳಗಾಗಿ, ಪೆಲ್ವಿಸನ್ನು ಮೇಲಕ್ಕೆ ತಳ್ಳುತ್ತಿರುವಂತೆ ನಿಂತಿತ್ತು. ಸ್ನಾಯು ಎಳೆಯಬಲ್ಲದು, ತಳ್ಳಲಾರದು; ಇದು ಮೊದಲ ವರ್ಷದ ಮೊದಲ ಪಾಠ. ಆ ಗುಂಪು ಋಣ ಚಿಹ್ನೆಯನ್ನೂ ಸೇರಿಸಿ ಅಂಕಿಯನ್ನು ನೀಟಾಗಿ ಕೋಷ್ಟಕದಲ್ಲಿ ಬರೆದುಕೊಂಡಿತ್ತು. ಪಕ್ಕದ ಗುಂಪಿನಲ್ಲೂ ಹಾಗೆಯೇ.

ಈ ಪ್ರಕರಣದಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಕ್ಷಣ ಅದು. ತೆರೆಯ ಮೇಲೆ ಅಸಾಧ್ಯವೊಂದು ಕಣ್ಣೆದುರು ನಿಂತಿದ್ದರೂ ಯಾರೂ ತಡೆದು ನಿಲ್ಲಲಿಲ್ಲ, ಏಕೆಂದರೆ ಏನು ಬರಬೇಕು ಎಂಬ ನಿರೀಕ್ಷೆಯೇ ಯಾರಲ್ಲೂ ಇರಲಿಲ್ಲ. ನಿರೀಕ್ಷೆ ಇಲ್ಲದವರಿಗೆ ಆಶ್ಚರ್ಯವಾಗುವುದಾದರೂ ಹೇಗೆ? 'ಕೋಲಿನ ಬಲ ಹೆಚ್ಚಿದರೆ ಕೀಲಿನ ಬಲ ಕಡಿಮೆಯಾಗುತ್ತದೆ' ಎಂಬ ಸಾಲನ್ನು ಎಲ್ಲರೂ ಬರೆದಿದ್ದರು. ಹಳೆಯ ಬಾಯಿಪಾಠದ ಸಾಲಿಗೆ ಇನ್ನೊಂದು ಸಾಲು ಸೇರಿತ್ತು, ಅಷ್ಟೆ.

ಸಾಧನವನ್ನು ಕೈಬಿಡುವ ಮಾತೂ ಬಂತು. ಕೈಬಿಡದೆ, ಬಳಸುವ ಕ್ರಮವನ್ನು ತಿರುವುಮುರುವು ಮಾಡಿದೆವು. ಅಂಕಿಗಳನ್ನು ಮರೆಮಾಡಿ, ಮೊದಲು ಕಾಗದದ ಮೇಲೆ ಊಹೆ ಬರೆಸಬೇಕು, ಆಮೇಲಷ್ಟೇ ತೆರೆ.

50 ನ್ಯೂಟನ್ ಮತ್ತು 550 ನ್ಯೂಟನ್

ಮುಂದಿನ ತರಗತಿಯಲ್ಲಿ ಒಂದು ಹಾಳೆ ಕೊಟ್ಟೆವು. 600 ನ್ಯೂಟನ್ ತೂಕದ, ಅಂದರೆ ಸುಮಾರು 60 ಕಿಲೋ ಇರುವ ವ್ಯಕ್ತಿ ಬಲಗಾಲಿನ ಮೇಲೆ ನಿಂತಿದ್ದಾರೆ. ನೆಲಕ್ಕೆ ಊರಿದ ಆ ಕಾಲು ದೇಹದ ತೂಕದ ಸುಮಾರು ಆರನೆಯ ಒಂದು ಭಾಗ. ಅದನ್ನು ಬಿಟ್ಟರೆ ಬಲ ಸೊಂಟದ ಕೀಲು ಹೊರಬೇಕಾದದ್ದು 500 ನ್ಯೂಟನ್. ಎಡಗೈಯಲ್ಲಿ ಕೋಲು ಹಿಡಿದು 50 ನ್ಯೂಟನ್ ಒತ್ತಿದರೆ ಕೀಲಿನ ಮೇಲಿನ ಬಲ ಎಷ್ಟು ಇಳಿಯುತ್ತದೆ? ಅಂದಾಜು ಬರೆದು, ಕಾರಣ ಒಂದೇ ವಾಕ್ಯದಲ್ಲಿ ಹೇಳಿ, ಹೆಸರು ಹಾಕಿ.

ಹೆಚ್ಚಿನವರು '50 ನ್ಯೂಟನ್' ಎಂದು ಬರೆದರು. ಕೋಲು ಎಷ್ಟು ಹೊತ್ತಿತೋ ಕೀಲಿಗೆ ಅಷ್ಟು ಉಳಿತಾಯ. ವರ್ಷದಿಂದ ಕಪ್ಪುಹಲಗೆಯ ಕೆಳಗೆ ಅಡಗಿದ್ದ ತಪ್ಪು ಕಲ್ಪನೆ ಈಗ ಹೆಸರಿನ ಸಮೇತ ಕಾಗದದ ಮೇಲೆ ಬಂತು.

ಆಮೇಲೆ ತೆರೆ ತೆಗೆದೆವು. ಕೋಲಿಲ್ಲದೆ 1500 ನ್ಯೂಟನ್, ಕೋಲಿನೊಂದಿಗೆ 950. ಇಳಿದದ್ದು 550 ನ್ಯೂಟನ್. ತರಗತಿ ಗಕ್ಕನೆ ಸುಮ್ಮನಾಯಿತು. ಹಿಂದಿನ ಬೆಂಚಿನ ಹುಡುಗನೊಬ್ಬ, "ಸ್ಲೈಡರ್ ತಪ್ಪಾಗಿದೆ ಮೇಡಂ" ಎಂದ. ಇಷ್ಟು ವರ್ಷಗಳಲ್ಲಿ ನಾನು ಕೇಳಿದ ಅತ್ಯುತ್ತಮ ಆಕ್ಷೇಪಣೆಗಳಲ್ಲಿ ಅದೂ ಒಂದು. ತಪ್ಪಾಗಿದ್ದರೆ ಎಲ್ಲಿ ಎಂದು ತೋರಿಸಿ ಎಂದೆ. ಲೆಕ್ಕ ಶುರುವಾಯಿತು.

ತೂಕದ ರೇಖೆ ಕೀಲಿನಿಂದ 10 ಸೆಂಟಿಮೀಟರ್ ಎಡಕ್ಕಿದೆ ಎಂದು ಇಟ್ಟುಕೊಂಡಿದ್ದೆವು. 500 ನ್ಯೂಟನ್ ಅಷ್ಟು ದೂರದಲ್ಲಿ ಕೆಳಗೆ ಜಗ್ಗಿದರೆ ಪೆಲ್ವಿಸನ್ನು ಎಡಕ್ಕೆ ಬೀಳಿಸುವ ಟಾರ್ಕ್ (ಬಲವನ್ನು ದೂರದಿಂದ ಗುಣಿಸಿದರೆ ಸಿಗುವ ತಿರುಗಿಸುವ ಶಕ್ತಿ) 50 ನ್ಯೂಟನ್-ಮೀಟರ್. ಅದನ್ನು ತಡೆಯಬೇಕಾದ ಸ್ನಾಯುವಿಗೆ ಸಿಕ್ಕಿರುವ ಹಿಡಿ, ಅಂದರೆ ಕೀಲಿನಿಂದ ಅದರ ಎಳೆತಕ್ಕಿರುವ ದೂರ, ಬರೀ 5 ಸೆಂಟಿಮೀಟರ್. ಆದ್ದರಿಂದ ಅದು 1000 ನ್ಯೂಟನ್ ಬಲದಿಂದ ಎಳೆಯಬೇಕು. ಆ ಎಳೆತವೂ ತೂಕವೂ ಸೇರಿ ಕೀಲಿನ ಮೇಲೆ 1500 ನ್ಯೂಟನ್, ಅಂದರೆ ಇಡೀ ದೇಹದ ತೂಕದ ಎರಡೂವರೆ ಪಟ್ಟು. ಕೀಲನ್ನು ಹಿಂಡುತ್ತಿರುವುದು ತೂಕಕ್ಕಿಂತ ಹೆಚ್ಚಾಗಿ ಸ್ನಾಯುವೇ. ಇನ್ನು ಎಡಗೈಯ ಕೋಲು ಕೀಲಿನಿಂದ 50 ಸೆಂಟಿಮೀಟರ್ ದೂರದಲ್ಲಿದೆ. ಅಲ್ಲಿಂದ ಒತ್ತುವ 50 ನ್ಯೂಟನ್ನಿಗೆ 25 ನ್ಯೂಟನ್-ಮೀಟರ್ ತಿರುಗಿಸುವ ಶಕ್ತಿ ಇದೆ. ಸ್ನಾಯುವಿನ ಅರ್ಧ ಹೊರೆ ಅಲ್ಲೇ ಇಳಿಯಿತು: 1000ದ ಬದಲು 500 ಸಾಕು. 500ಕ್ಕೆ ತೂಕದ 500 ಕೂಡಿಸಿ, ಕೋಲಿನ 50 ಕಳೆದರೆ 950.

ಆಕ್ಷೇಪಿಸಿದ ಹುಡುಗನೇ ಎದ್ದು ಬಂದು ಹಲಗೆಯ ಮೇಲೆ ಈ ಲೆಕ್ಕ ಮುಗಿಸಿದ. "ಕೋಲು ತೂಕ ಹೊರುವುದಕ್ಕಿಂತ ಸ್ನಾಯುವಿನ ಕೆಲಸ ಮಾಡುತ್ತಿದೆ" ಎಂದ. ಆ ವಾಕ್ಯ ಅವನದೇ. ನನ್ನ ಯಾವ ಟಿಪ್ಪಣಿಯಲ್ಲೂ ಇರಲಿಲ್ಲ.

ಇದರ ಜೊತೆಗೆ ಇನ್ನೊಂದು ಕೆಲಸ ಮಾಡಿಸಿದೆವು. ತೆರೆಗೂ ಅದಕ್ಕೂ ಸಂಬಂಧವಿಲ್ಲದಿದ್ದರೂ, ಅದಿಲ್ಲದೆ ತೆರೆಯ ಪಾಠ ಅರ್ಧವೇ ಆಗುತ್ತಿತ್ತು ಎಂದು ನಂಬುತ್ತೇನೆ. ಮನೆಯಲ್ಲಿ ಬಳಸುವ ತೂಕದ ಯಂತ್ರವನ್ನು ನೆಲದ ಮೇಲಿಟ್ಟು, ಕೋಲನ್ನು ಅದರ ಮೇಲೆ ಊರಿ, ಮುಳ್ಳು 5 ಕಿಲೋ ತೋರಿಸುವವರೆಗೆ ಒತ್ತಬೇಕು. ಇನ್ನೊಂದು ಕೈಯ ಬೆರಳುಗಳು ಬಲಬದಿಯಲ್ಲಿ, ತೊಡೆಮೂಳೆಯ ಗಂಟಿನಿಂದ ಸ್ವಲ್ಪ ಮೇಲೆ. ಎಡಗಾಲು ಎತ್ತಿದಾಗ ಬೆರಳಡಿಯ ಸ್ನಾಯು ಕಲ್ಲಿನಂತೆ ಬಿಗಿಯುತ್ತದೆ. ಕೋಲನ್ನು ಒತ್ತುತ್ತಿದ್ದಂತೆ ಮೆತ್ತಗಾಗುತ್ತದೆ. 5 ಕಿಲೋ ಎಷ್ಟು ಸಣ್ಣ ಒತ್ತಡ ಎಂಬುದೂ ಅಂಗೈಗೆ ತಿಳಿಯುತ್ತದೆ. ಅಂಕಿಯಾಗಿ ಕಂಡದ್ದು ಮೈಯಲ್ಲಿ ನಡೆದಾಗ ಅವರ ಮುಖಗಳನ್ನು ನೋಡಬೇಕಿತ್ತು.

ರೋಗಿಯ ಮಾತು ಮತ್ತು ಮಾದರಿಯ ಮಾತು

ಎರಡು ವಾರಗಳ ನಂತರ, ಅಜ್ಜನ ಪ್ರಶ್ನೆಗೆ ಉತ್ತರ ಸಿಗದೆ ನಿಂತಿದ್ದ ವಿದ್ಯಾರ್ಥಿನಿಯೇ ನನ್ನ ಕೋಣೆಗೆ ಬಂದಳು. ಕೋಲನ್ನು ನೋವಿರುವ ಕಡೆಯ ಕೈಯಲ್ಲಿಟ್ಟು ಮಾದರಿಯಲ್ಲಿ ಲೆಕ್ಕ ಮಾಡಿದ್ದಳು. ಕೀಲಿನಿಂದ 30 ಸೆಂಟಿಮೀಟರ್ ಬಲಕ್ಕೆ, ಅದೇ 50 ನ್ಯೂಟನ್. ಆ ಬದಿಯಿಂದ ಮೇಲಕ್ಕೆ ಒತ್ತಿದರೆ ಅದೂ ಪೆಲ್ವಿಸನ್ನು ಎಡಕ್ಕೇ ಬೀಳಿಸುತ್ತದೆ, ಸ್ನಾಯು 1300 ನ್ಯೂಟನ್ ಎಳೆಯಬೇಕಾಗುತ್ತದೆ, ಕೀಲಿನ ಮೇಲೆ 1750. ಕೋಲಿಲ್ಲದೆ ನಿಂತದ್ದಕ್ಕಿಂತ ಹೆಚ್ಚು.

"ಆದರೆ ವಾರ್ಡಿನಲ್ಲಿರುವವರು ನೋವಿರುವ ಕಡೆಯೇ ಕೋಲು ಹಿಡಿಯುತ್ತಾರೆ ಮೇಡಂ. ಹಾಗೆ ಹಿಡಿದರೆ ಹಾಯೆನಿಸುತ್ತದೆ ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ತಪ್ಪಿರುವುದು ಎಲ್ಲಿ?"

ಅದು ಬರೀ ಅಭ್ಯಾಸಬಲ ಎಂದು ಹೇಳಿ ಕಳುಹಿಸಿಬಿಡಬಹುದಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳದೆ ಇದ್ದದ್ದಕ್ಕೆ ಇಂದಿಗೂ ಸಮಾಧಾನವಿದೆ. ವಾರ್ಡಿನ ಅಂಥ ರೋಗಿಯೊಬ್ಬರ ಒಪ್ಪಿಗೆ ಪಡೆದು, ಮುಖ ಕಾಣದಂತೆ, ಅವರು ನಡೆಯುವುದನ್ನು ಎದುರಿನಿಂದ ಮೊಬೈಲಿನಲ್ಲಿ ಚಿತ್ರೀಕರಿಸಿದೆವು. ಕಿನೋವಿಯಾ ಎಂಬ ಉಚಿತ ವಿಡಿಯೋ ವಿಶ್ಲೇಷಣಾ ತಂತ್ರಾಂಶದಲ್ಲಿ ಅದನ್ನು ನಿಧಾನಗೊಳಿಸಿ, ಪೆಲ್ವಿಸ್‌ನ ನಡುವಿನಿಂದ ಕುತ್ತಿಗೆಯ ಬುಡದವರೆಗೆ ಒಂದು ಗೆರೆ ಎಳೆದಳು. ಬಲಗಾಲು ನೆಲಕ್ಕೆ ಊರಿದಾಗಲೆಲ್ಲ ಆ ಗೆರೆ ಬಲಕ್ಕೆ ವಾಲುತ್ತಿತ್ತು. ಅವರು ಇಡೀ ಮೈಯನ್ನು ನೋವಿರುವ ಕೀಲಿನ ಮೇಲೆ ತರುತ್ತಿದ್ದರು, ಕೋಲು ಆ ವಾಲುವಿಕೆಗೆ ಆಸರೆಯಾಗಿತ್ತು. ಮೊದಲ ದಿನದ ಅಜ್ಜನ ಕೋಲಿನ ಓರೆಯಾಗಿ ಸವೆದ ರಬ್ಬರ್ ನನಗೆ ಆಗ ನೆನಪಾಯಿತು.

ನಮ್ಮ ಮಾದರಿಯಲ್ಲಿ ಮೈ ವಾಲುತ್ತಲೇ ಇರಲಿಲ್ಲ. ತೂಕದ ರೇಖೆಯ ದೂರಕ್ಕೆ ಸ್ಲೈಡರ್ ಇತ್ತು, ಆದರೆ ಅದನ್ನು ಸರಿಸುವುದೆಂದರೆ ರೋಗಿ ವಾಲುವುದು ಎಂದು ಯಾರಿಗೂ ಹೊಳೆದಿರಲಿಲ್ಲ. ನನಗೂ ಹೊಳೆದಿರಲಿಲ್ಲ. ಅಂದು ಸಂಜೆ ದಂಡದ ಮೇಲೆ ಒಂದು ಮುಂಡ ಮತ್ತು ತಲೆ ಬರೆದು, ಅದು ವಾಲಿದರೆ ರೇಖೆಯೂ ಸರಿಯುವಂತೆ ಜೋಡಿಸಿದೆವು. ಮೈ ವಾಲಿ ರೇಖೆ 10 ಸೆಂಟಿಮೀಟರಿನಿಂದ 6ಕ್ಕೆ ಬಂತು ಎಂದುಕೊಳ್ಳಿ. ಕೋಲು ನೋವಿರುವ ಕಡೆಯೇ ಇದ್ದರೂ ಸ್ನಾಯುವಿನ ಬಲ 900ಕ್ಕೆ ಇಳಿಯುತ್ತದೆ, ಕೀಲಿನ ಮೇಲೆ 1350. ಏನೂ ಇಲ್ಲದೆ ನೆಟ್ಟಗೆ ನಿಂತಾಗಿನ 1500ಕ್ಕಿಂತ ಕಡಿಮೆ. ರೋಗಿ ಹೇಳಿದ್ದು ನಿಜ.

ಅವಳು ಅಲ್ಲಿಗೇ ಬಿಡಲಿಲ್ಲ. ಕೋಲನ್ನು ತೆಗೆದು, ವಾಲುವಿಕೆಯನ್ನು ಮಾತ್ರ ಉಳಿಸಿದಳು. 1100. ಅಂದರೆ ಆರಾಮ ಕೊಡುತ್ತಿದ್ದದ್ದು ವಾಲಿದ ಮೈ; ಆ ಬದಿಯ ಕೋಲು ಲೆಕ್ಕದಲ್ಲಿ ಅದಕ್ಕೆ ವಿರುದ್ಧವಾಗಿಯೇ ದುಡಿಯುತ್ತಿತ್ತು, ಬೀಳದಂತೆ ಧೈರ್ಯ ಮಾತ್ರ ಕೊಡುತ್ತಿತ್ತು. ಇದನ್ನು ತರಗತಿಯಲ್ಲಿ ತೋರಿಸಿದಾಗ ಒಬ್ಬರು, ಹಾಗಾದರೆ ವಾಲಿ ನಡೆಯುವುದನ್ನೇ ಕಲಿಸಬಾರದೇ ಎಂದು ಕೇಳಿದರು. ಡುಶೆನ್ ನಡಿಗೆ ಎಂದು ಪುಸ್ತಕದಲ್ಲಿ ಓದಿದ್ದು ಇದೇ ಎಂದು ಇನ್ನೊಬ್ಬರು ಗುರುತಿಸಿದರು. ಪ್ರತಿ ಹೆಜ್ಜೆಗೂ ಮೈಯನ್ನು ಹೀಗೆ ಹೊಯ್ದಾಡಿಸಿದರೆ ಬೆನ್ನಿಗೆ ಏನಾಗುತ್ತದೆ, ಎಷ್ಟು ಬೇಗ ದಣಿವಾಗುತ್ತದೆ ಎಂಬ ಚರ್ಚೆ ತರಗತಿ ಮುಗಿದರೂ ಮುಗಿಯಲಿಲ್ಲ. ನನ್ನ ಪಾಠಯೋಜನೆಯಲ್ಲಿ ಇದ್ಯಾವುದೂ ಇರಲಿಲ್ಲ.

ಬೇರೆ ಸಂಸ್ಥೆಗಳಲ್ಲಿ ಇಂಥ ಮಾದರಿ ಕಟ್ಟುವವರಿಗೆ ಒಂದು ಮಾತು ಹೇಳಬೇಕೆನಿಸುತ್ತದೆ. ಮಾದರಿಯಲ್ಲಿ ಏನನ್ನು ಬಿಟ್ಟಿದ್ದೀರಿ ಎಂಬುದನ್ನು ವಿದ್ಯಾರ್ಥಿಗಳಿಂದಲೇ ಪತ್ತೆ ಮಾಡಿಸಿ. ನಮ್ಮಲ್ಲಿ ಅದು ಆಕಸ್ಮಿಕವಾಗಿ ಆಯಿತು. ಈಗ ಬೇಕೆಂದೇ ವಾಲದ ಮಾದರಿಯನ್ನು ಮೊದಲು ಕೊಟ್ಟು, ವಾರ್ಡಿಗೆ ಕಳುಹಿಸಿ, ಮಾದರಿಗೆ ಒಗ್ಗದ ಒಬ್ಬ ರೋಗಿಯನ್ನು ಹುಡುಕಿಕೊಂಡು ಬನ್ನಿ ಎನ್ನುತ್ತೇವೆ.

ಎಡವಿದ ಜಾಗಗಳು

ಎಲ್ಲವೂ ಸುಸೂತ್ರವಾಗಿ ನಡೆಯಲಿಲ್ಲ. ಒಬ್ಬ ವಿದ್ಯಾರ್ಥಿ ನಿಜವಾದ ರೋಗಿಯೊಬ್ಬರ ದಾಖಲೆಯಲ್ಲಿ 'ಕೀಲಿನ ಮೇಲಿನ ಬಲ 1500 ನ್ಯೂಟನ್' ಎಂದು ಬರೆದ. ಅದನ್ನು ನೋಡಿ ನಾನು ಬೆಚ್ಚಿದೆ. ಆ ಅಂಕಿ ನಾವು ಕಲ್ಪಿಸಿಕೊಂಡ ದೇಹದ್ದು, ನಾವೇ ಆರಿಸಿದ ಅಳತೆಗಳದ್ದು. ಸ್ನಾಯುವಿನ ಹಿಡಿಯನ್ನು 5ರಿಂದ 4 ಸೆಂಟಿಮೀಟರಿಗೆ ಇಳಿಸಿದರೆ ಸಾಕು, ಅದೇ ಕೀಲಿನ ಬಲ 1750 ಆಗುತ್ತದೆ. ತೆರೆಯ ಮೇಲೆ ಮೂಡಿದ ಅಂಕಿಗೆ ಯಂತ್ರದಲ್ಲಿ ಅಳೆದ ಅಂಕಿಯ ಗಾಂಭೀರ್ಯ ತಾನಾಗಿ ಬಂದುಬಿಡುತ್ತದೆ ಎಂಬುದನ್ನು ನಾವು ಎಣಿಸಿರಲಿಲ್ಲ. ಮುಂದಿನ ರೂಪದಲ್ಲಿ ನ್ಯೂಟನ್ ಅಂಕಿಗಳನ್ನು ತೆಗೆದು, ದೇಹದ ತೂಕಕ್ಕೆ ಹೋಲಿಸುವ ಪಟ್ಟಿಯನ್ನಷ್ಟೇ ಇಟ್ಟೆವು. ಲೆಕ್ಕ ಬೇಕಾದವರು ಕಾಗದದ ಮೇಲೆ ಮಾಡಲಿ.

ಅಳೆದ ಅಂಕಿ ಎಂದರೆ ಏನು ಎಂಬುದನ್ನೂ ತೋರಿಸಬೇಕಾಯಿತು. ಬರ್ಲಿನ್‌ನಲ್ಲಿ ಗಿಯೋರ್ಗ್ ಬರ್ಗ್‌ಮನ್ ಅವರ ತಂಡ ಕೃತಕ ಸೊಂಟದ ಕೀಲಿನೊಳಗೇ ಸಂವೇದಕಗಳನ್ನು ಇಟ್ಟು, ನಡೆಯುತ್ತಿರುವ ಮನುಷ್ಯರಲ್ಲಿ ಬಲವನ್ನು ನೇರವಾಗಿ ಅಳೆದಿದೆ. 2001ರಲ್ಲಿ ಅವರು ಪ್ರಕಟಿಸಿದ ಪ್ರಕಾರ ಗಂಟೆಗೆ ಸುಮಾರು 4 ಕಿಲೋಮೀಟರ್ ವೇಗದ ನಡಿಗೆಯಲ್ಲಿ ಆ ಬಲದ ಶಿಖರ ಸರಾಸರಿ ದೇಹದ ತೂಕದ 238 ಪ್ರತಿಶತ. ನಮ್ಮ ಚುಕ್ಕಿ-ದಂಡದ ಮಾದರಿ 250 ಎನ್ನುತ್ತಿತ್ತು. ವಿದ್ಯಾರ್ಥಿಗಳು ಹಿಗ್ಗಿದರು. ನಾನೂ ಹಿಗ್ಗಿದೆ. ಆದರೆ ನಮ್ಮದು ನಿಂತ ದೇಹ, ಅವರದು ನಡೆಯುವ ದೇಹ. ಇಷ್ಟು ಹತ್ತಿರ ಬಂದದ್ದರಲ್ಲಿ ನಾವು ಆರಿಸಿಕೊಂಡ ಅಳತೆಗಳ ಪಾಲೂ ಇದೆ ಎಂದು ಆಗಲೇ ಹೇಳಿದೆ.

ವಿಡಿಯೋದಲ್ಲೂ ಇಂಥದೇ ಪಾಠ ಸಿಕ್ಕಿತು. ಎರಡು ಗುಂಪುಗಳು ಒಬ್ಬರೇ ರೋಗಿಯ ವಾಲುವಿಕೆಯನ್ನು ಅಳೆದು ಬೇರೆ ಬೇರೆ ಕೋನ ತಂದವು. ಒಂದು ಗುಂಪು ಕ್ಯಾಮೆರಾವನ್ನು ನೇರ ಎದುರಿಗೆ ಇಡದೆ ಓರೆಯಾಗಿ ಇಟ್ಟಿತ್ತು.

ಇನ್ನೊಂದು ಎಡವಟ್ಟು ಚಿಕ್ಕದಾದರೂ ಮನಸ್ಸಿಗೆ ನಾಟಿತು. ಸ್ನಾಯುವಿನ ಬಾಣಕ್ಕೆ ಕೆಂಪು, ಕೋಲಿನ ಬಾಣಕ್ಕೆ ಹಸಿರು ಬಣ್ಣ ಕೊಟ್ಟಿದ್ದೆವು. ಒಬ್ಬ ವಿದ್ಯಾರ್ಥಿಗೆ ಆ ಎರಡು ಬಣ್ಣಗಳ ವ್ಯತ್ಯಾಸ ಕಾಣುತ್ತಿರಲಿಲ್ಲ. ಮೂರು ತರಗತಿಗಳವರೆಗೆ ಅವನು ಅದನ್ನು ಹೇಳಿಕೊಂಡಿರಲಿಲ್ಲ, ನಾವು ಕೇಳಿರಲೂ ಇಲ್ಲ. ಈಗ ಒಂದು ಬಾಣ ತುಂಡುಗೆರೆಯದು, ಇನ್ನೊಂದು ತುಂಬುಗೆರೆಯದು.

ಚೀಲದ ಪ್ರಶ್ನೆ

ಪಾಠವಾಗಿ ಮೂರು ವಾರ ಕಳೆದ ಮೇಲೆ, ಮೊಬೈಲುಗಳನ್ನು ಒಳಗಿಡಿಸಿ, ಹೊಸದೊಂದು ಪ್ರಶ್ನೆ ಕೊಟ್ಟೆವು: ಬಲ ಸೊಂಟ ನೋಯುವ ವ್ಯಕ್ತಿ 50 ನ್ಯೂಟನ್ ತೂಕದ ಚೀಲವನ್ನು ಯಾವ ಕೈಯಲ್ಲಿ ಹಿಡಿಯಬೇಕು, ಏಕೆ? ಚೀಲದ ವಿಷಯ ತರಗತಿಯಲ್ಲಿ ಒಮ್ಮೆಯೂ ಬಂದಿರಲಿಲ್ಲ. ಕೋಲಿನ ನಿಯಮವನ್ನು ಬಾಯಿಪಾಠ ಮಾಡಿದವರು 'ಎಡಗೈ' ಎಂದು ಬರೆಯುತ್ತಾರೆ ಎಂದು ಗೊತ್ತಿದ್ದೇ ಈ ಪ್ರಶ್ನೆಯನ್ನು ಆರಿಸಿದ್ದೆವು.

ಕೋಲು ಮೇಲಕ್ಕೆ ಒತ್ತುತ್ತದೆ, ಚೀಲ ಕೆಳಕ್ಕೆ ಜಗ್ಗುತ್ತದೆ. ಆದ್ದರಿಂದ ಉತ್ತರ ತಿರುಗುಮುರುಗು. ನೋವಿರುವ ಕಡೆಯ ಕೈಯಲ್ಲಿರುವ ಚೀಲ ಸ್ನಾಯುವಿಗೆ ನೆರವಾಗುತ್ತದೆ. ಅದೇ ದೂರಗಳನ್ನು ಇಟ್ಟು ಲೆಕ್ಕ ಹಾಕಿದರೆ ಎಡಗೈಯ ಚೀಲದಿಂದ ಕೀಲಿನ ಮೇಲೆ 2050 ನ್ಯೂಟನ್, ಬಲಗೈಯ ಚೀಲದಿಂದ 1250. ಬಲಗೈಯಲ್ಲಿ ಚೀಲ ಹಿಡಿದಾಗ ಖಾಲಿ ಕೈಯಲ್ಲಿ ನಿಂತದ್ದಕ್ಕಿಂತಲೂ ಕಡಿಮೆ! ಅರ್ಧಕ್ಕಿಂತ ಹೆಚ್ಚು ವಿದ್ಯಾರ್ಥಿಗಳು ಚಿತ್ರ ಬರೆದು, ಬಾಣದ ದಿಕ್ಕು ಸರಿಯಾಗಿ ಹಾಕಿ, ಬಲಗೈ ಎಂದರು. ಹಿಂದಿನ ವರ್ಷಗಳ ಉತ್ತರ ಪತ್ರಿಕೆಗಳಲ್ಲಿ ಇಂಥ ಪ್ರಶ್ನೆಗೆ ಚಿತ್ರವೇ ಇರುತ್ತಿರಲಿಲ್ಲ. ಕೇಳುವ ಧೈರ್ಯವನ್ನು ನಾನೂ ಮಾಡಿರಲಿಲ್ಲ.

ತಪ್ಪು ಬರೆದವರನ್ನು ಕರೆದು ಮಾತನಾಡಿಸಿದಾಗ ಒಂದು ವಿಷಯ ಹೊರಬಿತ್ತು. ಅವರಲ್ಲಿ ಹಲವರು ತಮ್ಮ ಗುಂಪಿನಲ್ಲಿ ಮೊಬೈಲ್ ಮುಟ್ಟಿದವರೇ ಅಲ್ಲ. ನಾಲ್ವರಲ್ಲಿ ಒಬ್ಬರು ಸ್ಲೈಡರ್ ಎಳೆದರೆ ಉಳಿದವರು ಹೆಗಲ ಮೇಲಿಂದ ಇಣುಕಿದ್ದರು, ಊಹೆಯ ಹಾಳೆಯನ್ನೂ ಅವರನ್ನೇ ನೋಡಿ ತುಂಬಿದ್ದರು. ಪ್ರತಿಯೊಬ್ಬರೂ ಅಲುಗಿಸಿ ನೋಡಲಿ ಎಂದು ತಂದ ಸಾಧನ ಅವರ ಪಾಲಿಗೆ ಇನ್ನೊಂದು ಕಪ್ಪುಹಲಗೆಯಾಗಿತ್ತು. ಆಮೇಲೆ ಒಂದು ಕಟ್ಟುಪಾಡು ತಂದೆವು: ಮೊಬೈಲ್ ಹಿಡಿದವರು ಮಾತನಾಡಬಾರದು, ಏನನ್ನು ಎತ್ತ ಸರಿಸಬೇಕೆಂದು ಉಳಿದವರೇ ಹೇಳಬೇಕು, ಪ್ರತಿ ಪ್ರಶ್ನೆಗೂ ಮೊಬೈಲ್ ಕೈ ಬದಲಿಸಬೇಕು. ತರಗತಿಯ ಗದ್ದಲ ಇಮ್ಮಡಿಯಾಯಿತು. ಹಾಳೆಗಳ ಮೇಲಿನ ಊಹೆಗಳು ಒಂದಕ್ಕಿಂತ ಒಂದು ಬೇರೆಯಾಗತೊಡಗಿದವು. ನನಗೆ ಬೇಕಿದ್ದುದು ಅದೇ.

ಮುಂದಿನ ಅವಧಿಗೆ ಮೊಣಕಾಲು ಚಿಪ್ಪಿನ ಪಾಠವನ್ನು ಕೈಗೆತ್ತಿಕೊಂಡಿದ್ದೇವೆ. ಈ ಸಲ ಊಹೆಯ ಹಾಳೆ ಮೊದಲು ಸಿದ್ಧವಾಗಿದೆ. ಸ್ಲೈಡರ್‌ಗಳು ಇನ್ನೂ ಆಗಬೇಕು.

ಆ ವಿದ್ಯಾರ್ಥಿನಿಯನ್ನು ವರ್ಷದ ಕೊನೆಯಲ್ಲಿ ಮತ್ತೆ ಹೊರರೋಗಿ ವಿಭಾಗದಲ್ಲಿ ನೋಡಿದೆ. ಬೇರೆ ರೋಗಿ, ಹಿರಿಯ ಮಹಿಳೆ, ಬಲ ಸೊಂಟವೇ. ಅವಳು ಮೊಬೈಲ್ ತೆಗೆಯಲಿಲ್ಲ. ಅವರನ್ನು ಸಮಾನಾಂತರ ಸರಳುಗಳ ನಡುವೆ ನಿಲ್ಲಿಸಿ, ಅವರ ಬಲಗೈಯನ್ನು ಅವರದೇ ಸೊಂಟದ ಪಕ್ಕಕ್ಕೆ ಇಡಿಸಿ, "ಎಡಗಾಲು ಸ್ವಲ್ಪ ಎತ್ತಿ ಅಜ್ಜಿ. ಕೈಯಡಿಯಲ್ಲಿ ಬಿಗಿಯಿತೇ? ಈಗ ಎಡಗೈಯಿಂದ ಸರಳನ್ನು ಮೆಲ್ಲಗೆ ಒತ್ತಿ" ಎಂದಳು. ಅವರು ಒತ್ತಿದರು, ಬಿಟ್ಟರು, ಮತ್ತೆ ಒತ್ತಿದರು. "ಒತ್ತಿದರೆ ಸಡಿಲವಾಗುತ್ತದಲ್ಲಮ್ಮಾ" ಎಂದರು. ಕೋಲನ್ನು ಎಡಗೈಗೆ ಅವರೇ ತೆಗೆದುಕೊಂಡರು. ಬಾಗಿಲ ಬಳಿ ಹಿಡಿಕೆ ತಿರುಗಿಸಲು ಕೋಲನ್ನು ಬಲಗೈಗೆ ಬದಲಿಸಬೇಕಾಯಿತು. ಬಾಗಿಲು ತೆರೆದು, ಹೊರಗೆ ಕಾಲಿಟ್ಟು, ಒಂದು ಕ್ಷಣ ನಿಂತು, ಮತ್ತೆ ಎಡಗೈಗೆ ತೆಗೆದುಕೊಂಡು ನಡೆದರು.